ಮೈಕಿನಲ್ಲಿ ಕೂಗಿದ ಮುಯ್ಯಿ

ನನ್ನ ನೇಮಕಾತಿ ಪತ್ರದಲ್ಲಿ ‘ಕಾರ್ಯಕ್ರಮ ಸಂಯೋಜಕಿ’ ಎಂದು ಬರೆದಿತ್ತು. ಆ ಹೆಸರಿನಿಂದ ನನ್ನನ್ನು ಯಾರೂ ಕರೆಯಲಿಲ್ಲ. ಹನೂರಿನಲ್ಲಿ ನಾನು ‘ಬ್ಲಡ್ ಅಕ್ಕ’, ಯಳಂದೂರಿನಲ್ಲಿ ‘ಪ್ರೋಗ್ರಾಮ್ ಮಂಗಳಮ್ಮ’, ನಮ್ಮ ಮನೆಯಲ್ಲಿ ‘ಸಂಜೆಯಾದ್ರೆ ಮನೇಲಿ ಇರದವಳು’. ಈಗ ನಿವೃತ್ತಿಯಾಗಿ ಸಂಜೆ ಹೊತ್ತು ಮನೆಯಲ್ಲೇ ಇದ್ದರೆ, ಯಾಕೆ ಹುಷಾರಿಲ್ಲವಾ ಎಂದು ಕೇಳುತ್ತಾರೆ.

ನಮ್ಮ ಟ್ರಸ್ಟಿಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಫೋನು ಹೊರತೆಗೆದು, ‘ಮೇಡಂ, ಹಣ ಎತ್ತೋಕೆ ಟಿಪ್ಸ್ ಕೊಡಿ’ ಎನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ. ಎಲ್ಲೆಲ್ಲಿ ಎಡವಿದೆವು, ಎಡವಿದಾಗ ಯಾರು ಕೈಹಿಡಿದು ಎಬ್ಬಿಸಿದರು ಎಂದು ಹೇಳಬಲ್ಲೆ. ಕೇಳುವ ತಾಳ್ಮೆ ಇದ್ದರೆ ಕೇಳಿ, ಇಲ್ಲದಿದ್ದರೆ ಕಾಫಿ ಕುಡಿದು ಹೊರಡಿ.

ನಮ್ಮದು ಥಲಸ್ಸೇಮಿಯಾ ಮಕ್ಕಳಿಗಾಗಿ ಇರುವ ಸಣ್ಣ ಟ್ರಸ್ಟು. ಇದು ತಂದೆ ತಾಯಿಯ ರಕ್ತದಿಂದ ಮಗುವಿಗೆ ಇಳಿದು ಬರುವ ಕಾಯಿಲೆ. ಮಗುವಿನ ಮೈ ತನಗೆ ಬೇಕಾದಷ್ಟು ಒಳ್ಳೆಯ ರಕ್ತವನ್ನು ತಾನೇ ಮಾಡಿಕೊಳ್ಳಲಾರದು. ಕೆಲವು ವಾರಕ್ಕೊಮ್ಮೆ ಹೊರಗಿನ ರಕ್ತ ಹಾಕಿಸಬೇಕು. ಹಾಗೆ ಹಾಕಿಸಿದ ರಕ್ತದಿಂದ ಮೈಯಲ್ಲಿ ಕಬ್ಬಿಣದ ಅಂಶ ಸೇರಿಕೊಳ್ಳುತ್ತದೆ. ಅದನ್ನು ಹೊರಹಾಕಲು ಬೇರೆ ಔಷಧಿ. ನಾನು ಸೇರಿದ ಕಾಲಕ್ಕೆ ಹೊಟ್ಟೆಯ ಚರ್ಮಕ್ಕೆ ಸೂಜಿ ಚುಚ್ಚಿ, ಪುಟ್ಟ ಪಂಪೊಂದನ್ನು ಸೊಂಟಕ್ಕೆ ಕಟ್ಟಿ ಮಕ್ಕಳನ್ನು ಮಲಗಿಸಬೇಕಾಗಿತ್ತು. ಈಗ ಮಾತ್ರೆ ಬಂದಿದೆ, ನೀರಿನಲ್ಲಿ ಕದಡಿ ಕುಡಿಸಿದರಾಯಿತು. ಆ ಪಂಪಿನ ದಿನಗಳನ್ನು ಕಂಡವಳಿಗೆ ಮಾತ್ರೆ ಎಷ್ಟು ದೊಡ್ಡ ವರ ಎನ್ನುವುದು ಗೊತ್ತು. ಆದರೆ ಎಲ್ಲದಕ್ಕೂ ದುಡ್ಡು ಬೇಕು. ಅದಕ್ಕೇ ನಮ್ಮ ಸಂಜೆ ಕೂಟಗಳು.

ನಮ್ಮ ಕಾರ್ಯದರ್ಶಿ ಸದಾಶಿವಯ್ಯನವರು ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದು ಬಂದವರು. ಬಹಳ ಒಳ್ಳೆಯ ಮನುಷ್ಯ, ಬಹಳ ಹಟಮಾರಿ. ಬೆಂಗಳೂರಿನ ಯಾವುದೋ ಕ್ಲಬ್ಬಿನಲ್ಲಿ ಟಿಕೆಟ್ ಇಟ್ಟು ಊಟ ಹಾಕಿ ದೇಣಿಗೆ ಎತ್ತುವುದನ್ನು ನೋಡಿದ್ದರು. ಕೊಳ್ಳೇಗಾಲದಲ್ಲೂ ಹಾಗೇ ಆಗಬೇಕೆಂದು ಒಂದು ಕಲ್ಯಾಣ ಮಂಟಪ ಹಿಡಿದರು. ನಾನು ಟಿಕೆಟ್ ಪುಸ್ತಕ ಹಿಡಿದು ಮಗ್ಗದ ಬೀದಿಗಳಲ್ಲಿ ಓಡಾಡಿದೆ. ಒಂದು ಮನೆಯ ಅಜ್ಜಿ ಟಿಕೆಟನ್ನು ತಿರುಗಿಸಿ ಮುರುಗಿಸಿ ನೋಡಿ, ‘ಅಲ್ಲ ಕಣವ್ವ, ಊಟಕ್ಕೆ ಕರೀತೀರಿ, ದುಡ್ಡೂ ಕೇಳ್ತೀರಿ. ಓಟ್ಲು ಮಡಗಿದ್ದೀರಾ?’ ಎಂದರು. ನಾನು ಟಿಕೆಟ್ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡೆ. ಮನೆಗೆ ಕರೆದು ಉಣ್ಣಿಸಿ ದುಡ್ಡು ಇಸಿದುಕೊಳ್ಳುವವರನ್ನು ಈ ಸೀಮೆಯಲ್ಲಿ ಯಾರೂ ಮನುಷ್ಯರೆಂದು ಎಣಿಸುವುದಿಲ್ಲ.

ಕೊನೆಗೆ ಸದಾಶಿವಯ್ಯನವರು ಗೊಣಗಿಕೊಂಡೇ ಟಿಕೆಟ್ ಕೈಬಿಟ್ಟು, ಎಲ್ಲರೂ ಬರಲಿ, ಬಾಗಿಲಲ್ಲಿ ಡಬ್ಬಿ ಇಡೋಣ ಎಂದರು. ಜನ ಬಂದರು. ಕಲ್ಯಾಣ ಮಂಟಪ ಎಂದ ಮೇಲೆ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮದುವೆಗೆ ಬಂದ ಹಾಗೇ ಬಂದರು. ಮೊದಲು ಕಾಗದದ ಲೋಟಗಳಲ್ಲಿ ಟೊಮೆಟೊ ಸೂಪು ಕೊಟ್ಟೆವು, ಕಾರ್ಯದರ್ಶಿಗಳ ಆಸೆ. ಒಬ್ಬ ಮುದುಕರು ಅದನ್ನು ಕುಡಿದು ಮುಗಿಸಿ ಲೋಟ ನನ್ನ ಕೈಗೇ ಕೊಟ್ಟು, ‘ಸಾರು ಚೆಂದಾಗದೆ ಕಣವ್ವ. ಅನ್ನ ಯಾವಾಗ ಇಕ್ಕೀರಿ?’ ಎಂದರು. ಪುಣ್ಯಕ್ಕೆ ಅಡುಗೆಯವರು ಅನ್ನ, ಹುಳಿ, ಪಾಯಸ ಮಾಡಿದ್ದರು.

ಊಟವಾಯಿತು. ಕೈ ತೊಳೆದ ಜನ ಡಬ್ಬಿಯ ಮುಂದೆ ಹಾದು ಹೋಗತೊಡಗಿದರು. ಹೆಸರಿಲ್ಲದೆ ಡಬ್ಬಿಗೆ ಹಾಕುವುದು ಭಿಕ್ಷೆ ಹಾಕಿದ ಹಾಗೆ, ಹಾಕಿದವರಿಗೂ ಸಂಕೋಚ. ಸದಾಶಿವಯ್ಯನವರ ಮುಖ ಸಣ್ಣಗಾಗುತ್ತಿತ್ತು. ಆಗ ಮಧುವನಹಳ್ಳಿಯ ಕೆಂಪಮ್ಮ ಎಂಬುವರು ನೇರ ಮೈಕಿನ ಮೇಜಿಗೆ ಹೋಗಿ ಸೆರಗಿನ ಗಂಟು ಬಿಚ್ಚಿದರು. ಮೈಕಿನಲ್ಲಿದ್ದವನು ಸಿದ್ದರಾಜು. ಆ ಮಂಟಪದ ಮದುವೆಗಳಲ್ಲಿ ಮುಯ್ಯಿ ಕೂಗುವುದೇ ಅವನ ಕಸುಬು. ಮದುವೆ ಮನೆಗೆ ಬಂದ ನೆಂಟರು, ಊರವರು ಕೊಡುವ ಹಣ ಅಥವಾ ಉಡುಗೊರೆಯೇ ಮುಯ್ಯಿ. ಕೊಟ್ಟವರ ಮನೆಯಲ್ಲಿ ಶುಭಕಾರ್ಯವಾದಾಗ ಅದನ್ನು ತಪ್ಪದೆ ತಿರುಗಿಸಬೇಕು. ಕೊಟ್ಟವರ ಹೆಸರು, ಯಾರ ಕಡೆಗೆ ಕೊಟ್ಟರು ಎಂಬುದನ್ನು ಮೈಕಿನಲ್ಲಿ ಕೂಗುವುದು ನಮ್ಮ ಕಡೆ ಇದೆ.

ಸಿದ್ದರಾಜು ಅಭ್ಯಾಸಬಲದಿಂದ ನೋಟು ಹಿಡಿದುಕೊಂಡು ಮೈಕಿನಲ್ಲೇ ಕೇಳಿದ: ‘ಎಣ್ಣಿನ ಕಡೀಕಾ, ಗಂಡಿನ ಕಡೀಕಾ?’

ಮಂಟಪವೆಲ್ಲ ನಕ್ಕಿತು. ಕೆಂಪಮ್ಮ ನಗಲಿಲ್ಲ. ‘ಮಕ್ಕಳ ಕಡೀಕೆ ಕಣ್ಲಾ, ಕೂಗು’ ಎಂದರು.

‘ಮಧುವನಹಳ್ಳಿ ಕೆಂಪಮ್ಮನವರಿಂದ ಮಕ್ಕಳ ಕಡೆಗೆ ಮುಯ್ಯಿ!’

ಅಷ್ಟೇ. ಹೊರಬಾಗಿಲವರೆಗೆ ಹೋಗಿದ್ದವರು ತಿರುಗಿ ಬಂದು ಸಾಲು ನಿಂತರು. ಕಾರ್ಯದರ್ಶಿಗಳು ನನ್ನ ಕಿವಿಯಲ್ಲಿ ‘ಏನ್ರೀ ಇದು, ದೇಣಿಗೆ ಅಂತ ಹೇಳಿ ಸರಿಪಡಿಸಿ’ ಎಂದರು. ‘ಸುಮ್ಮನಿರಿ ಸರ್, ಕೈ ಮುಗೀತೀನಿ’ ಎಂದೆ. ಆ ದಿನ ನಮ್ಮ ಅಂದಾಜಿಗೂ ಮೀರಿ ಹಣ ಬಂತು. ಎಲ್ಲರಿಗಿಂತ ದೊಡ್ಡ ಮುಯ್ಯಿ ಕೊಟ್ಟವರು ಮಗ್ಗದ ನಂಜುಂಡಪ್ಪ. ಮನೆಯಲ್ಲೇ ಮಗ್ಗಗಳನ್ನು ಇಟ್ಟುಕೊಂಡು ಸೀರೆ ನೇಯಿಸುವ ಯಜಮಾನರು, ಬಿಳೀ ಪಂಚೆ, ನೆಟ್ಟಗೆ ನಿಲ್ಲುವ ಗಟ್ಟಿ ಆಸಾಮಿ. ಯಾರ ಮನೆಯ ಮುಯ್ಯಿಯನ್ನೂ ಬಾಕಿ ಉಳಿಸಿಕೊಂಡವರಲ್ಲ ಎಂದು ಊರಲ್ಲಿ ಹೆಸರು. ಎಂಥ ದೊಡ್ಡ ಮನಸ್ಸು ಎಂದು ನಾವೆಲ್ಲ ಹೊಗಳಿದೆವು.

ಅದಾದ ಸ್ವಲ್ಪ ದಿನಕ್ಕೆ ಅವರ ಹಿರಿಯ ಸೊಸೆ ನಾಗರತ್ನ ನಮ್ಮ ಆಫೀಸಿನ ಹಿಂಬಾಗಿಲಿನಿಂದ ಬಂದಳು. ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಪುಟ್ಟ ಹೆಣ್ಣುಮಗುವನ್ನು ಮೇಜಿನ ಮೇಲೆ ಕೂರಿಸಿದಳು. ಮಗುವಿನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಬೇಕಾಗಿಯೇ ಇರಲಿಲ್ಲ, ತುಟಿಯೇ ಬಿಳುಚಿತ್ತು. ಹೆಸರು ಸಿಂಧು. ಮೈಸೂರಿಗೆ ಕರೆದುಕೊಂಡು ಹೋಗಿ ರಕ್ತ ಹಾಕಿಸುತ್ತಿದ್ದರು. ಬೀದಿಯವರಿಗೆ ಮಾತ್ರ ನಂಜನಗೂಡಿಗೆ ಹರಕೆ ಎಂದು ಹೇಳಬೇಕೆಂದು ಮಾವನ ಕಟ್ಟಪ್ಪಣೆ. ನಾಗರತ್ನಳಷ್ಟು ದೈವಭಕ್ತೆ ಕೊಳ್ಳೇಗಾಲದಲ್ಲೇ ಇಲ್ಲ ಎಂದು ಬೀದಿಯವರು ನಂಬಿದ್ದರು.

ನಂಜುಂಡಪ್ಪ ನಾಗರತ್ನಳಿಗೆ ಗಂಡನ ತಂದೆಯೂ ಹೌದು, ತಾಯಿಯ ಅಣ್ಣನೂ ಹೌದು. ತಂಗಿಯ ಗಂಡ ತೀರಿಕೊಂಡ ಮೇಲೆ ಆ ಮನೆಯನ್ನೂ ನಡೆಸಿದವರು ಅವರೇ. ತಂಗಿಯ ಹಿರಿಮಗಳು ನಾಗರತ್ನಳನ್ನು ತಮ್ಮ ಹಿರಿಯ ಮಗನಿಗೆ ತಂದುಕೊಂಡರು. ಕಿರಿಮಗಳು ರೂಪ ಓದು ಮುಗಿಸಿದ ಮೇಲೆ ಕಿರಿಯ ಮಗ ಮಹೇಶನಿಗೆ ಎಂದು ತಂಗಿಗೆ ಮಾತು ಕೊಟ್ಟಿದ್ದರು.

‘ನಂಗಾಗಿದ್ದು ಆಯ್ತು ಕಣಕ್ಕ’ ಎಂದಳು ನಾಗರತ್ನ. ‘ನಮ್ಮ ರೂಪಂಗೂ ಇಂಗೇ ಆಗ್ಬಾರ್ದು. ಮೈಸೂರ್ ಡಾಕ್ಟ್ರು ಏಳವ್ರೆ, ಮದ್ವೆಗೆ ಮುಂಚೇನೇ ಇಬ್ರದೂ ರಕ್ತ ನೋಡುಸ್ಬೇಕು ಅಂತ. ಮಾವನ ಮುಂದೆ ಬಾಯಿ ಬುಡಕ್ಕಾಯ್ತದಾ? ನಮ್ಮ ರಕ್ತದಲ್ಲಿ ಯಾನೂ ಇಲ್ಲ ಅಂತಾರೆ.’

ಮದುವೆಗೆ ಇನ್ನೂ ಕೆಲವು ವರ್ಷವಿತ್ತು. ಏನಾದರೂ ಮಾಡೋಣ ಎಂದು ಹೇಳಿ ಕಳಿಸಿದೆ. ಏನು ಮಾಡಬೇಕೆಂದು ನನಗೂ ಗೊತ್ತಿರಲಿಲ್ಲ. ಆದರೆ ಆ ದಿನದಿಂದ ಪ್ರತಿ ಸಂಜೆ ಕೂಟದಲ್ಲೂ ರೂಪಳ ವಯಸ್ಸಿನ ಹುಡುಗಿಯರು ಕಂಡರೆ ಮದುವೆ ಗೊತ್ತಾಗಿದೆಯಾ ಎಂದು ಕೇಳುತ್ತಿದ್ದೆ.

ಮಧ್ಯೆ ಯಳಂದೂರಿನ ಸಂಜೆಯ ಮಾತು ಹೇಳಿಬಿಡುತ್ತೇನೆ, ಇದನ್ನು ಹೊಸಬರು ಮರೆಯಬಾರದು. ಕಾಯಿಲೆಯ ಮಕ್ಕಳನ್ನು ಹೊಸ ಬಟ್ಟೆ ತೊಡಿಸಿ ವೇದಿಕೆಯ ಮೇಲೆ ಸಾಲಾಗಿ ಕೂರಿಸಿದರೆ ಜನರ ಕರುಳು ಕರಗುತ್ತದೆ ಎಂದು ಸದಾಶಿವಯ್ಯನವರ ಲೆಕ್ಕಾಚಾರ. ಮುಖ್ಯ ಅತಿಥಿಗಳು ಮಾತಿಗೆ ನಿಂತವರು, ‘ಈ ಎಳೆಯ ಕಂದಮ್ಮಗಳು ಇನ್ನೆಷ್ಟು ದಿನ ನಮ್ಮ ನಡುವೆ ಇರುತ್ತವೋ ಬಲ್ಲವರಾರು’ ಎಂದು ಗದ್ಗದಿತರಾದರು. ಸಾಲಿನಲ್ಲಿದ್ದ ಒಬ್ಬ ಹುಡುಗ, ಒಂದನೇ ಕ್ಲಾಸಿನವನು, ಪಕ್ಕದಲ್ಲಿ ನಿಂತಿದ್ದ ನನ್ನ ಸೆರಗು ಜಗ್ಗಿ ಕೇಳಿದ. ಮುಂದೆಯೇ ಇನ್ನೊಂದು ಮೈಕು ಇತ್ತು. ಅವನ ಪ್ರಶ್ನೆ ಊರಿಗೆಲ್ಲ ಕೇಳಿಸಿತು: ‘ಆಂಟಿ, ನಾನ್ ಸತ್ತೋಯ್ತೀನಾ?’

ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ. ಆ ಮೈಕಿನಲ್ಲೇ ಹೇಳಿದೆ: ‘ಇಲ್ಲ ಕಣಪ್ಪ. ನೀನೀಗ ಊಟಕ್ಕೆ ಹೋಗ್ತೀಯ. ಆಮೇಲೆ ಎರಡನೇ ಕ್ಲಾಸಿಗೆ ಹೋಗ್ತೀಯ. ಬಾ.’ ಅವನ ಕೈ ಹಿಡಿದು, ಉಳಿದ ಮಕ್ಕಳನ್ನೂ ಎಬ್ಬಿಸಿಕೊಂಡು ಕೆಳಗಿಳಿದೆ. ಮುಖ್ಯ ಅತಿಥಿಗಳ ಭಾಷಣ ಅಲ್ಲಿಗೇ ನಿಂತಿತು. ಮರುದಿನ ಕಾರ್ಯದರ್ಶಿಗಳು ನನ್ನನ್ನು ಕರೆಸಿದರು. ಬೈಗುಳ ತಿನ್ನಲು ಸಿದ್ಧಳಾಗಿಯೇ ಹೋದೆ. ಅವರು ಕನ್ನಡಕ ಒರೆಸಿಕೊಂಡು, ‘ಇನ್ನು ಮೇಲೆ ಮಕ್ಕಳನ್ನು ವೇದಿಕೆ ಹತ್ತಿಸೋದು ಬೇಡ’ ಎಂದರು. ಆ ಹುಡುಗ ಈಗ ಐಟಿಐ ಮುಗಿಸಿ ಮೋಟಾರ್ ರಿಪೇರಿ ಮಾಡುತ್ತಾನೆ. ನನ್ನನ್ನು ಕಂಡರೆ ‘ಊಟ ಆಯ್ತಾ ಆಂಟಿ’ ಎಂದು ನಗುತ್ತಾನೆ.

ಹನೂರಿನ ಸಂಜೆಗಳದ್ದೇ ಬೇರೆ ಗಮ್ಮತ್ತು. ಅಲ್ಲಿ ಆರ್ಕೆಸ್ಟ್ರಾ ಇಲ್ಲದೆ ಜನ ಕೂರುವುದಿಲ್ಲ. ಒಂದು ಕನ್ನಡ ಹಾಡಾದರೆ ಗಡಿಯ ಹಳ್ಳಿಯವರಿಂದ ತಮಿಳು ಹಾಡಿಗೆ ಚೀಟಿ ಬರುತ್ತದೆ, ಹಾಡದಿದ್ದರೆ ಶಿಳ್ಳೆ. ಒಮ್ಮೆ ಒಬ್ಬ ರೈತರು ದುಡ್ಡಿಲ್ಲ ಎಂದು ಹೊಲದ ಒಂದು ದೊಡ್ಡ ಕುಂಬಳಕಾಯಿ ತಂದುಕೊಟ್ಟರು. ನಮ್ಮ ಜೊತೆ ಬಂದಿದ್ದ ಸಿದ್ದರಾಜು ಅದನ್ನು ಹರಾಜು ಹಾಕಿದ. ಕೂಗಿ ಕೊಂಡವನು ‘ಇದನ್ಯಾರು ಒತ್ಕಂಡೋದಾರು, ಮತ್ತೆ ಕೂಗ್ಲಾ’ ಎಂದು ವಾಪಸು ಕೊಟ್ಟ. ಹಾಗೆ ಕೊಂಡವರೆಲ್ಲ ವಾಪಸು ಕೊಡುತ್ತಾ ಹೋಗಿ, ಆ ಕುಂಬಳಕಾಯಿ ಸಂಜೆಯೆಲ್ಲ ದುಡಿಯಿತು. ಮರುದಿನ ಅದನ್ನು ಹುಳಿ ಮಾಡಿ ಆಸ್ಪತ್ರೆಯಲ್ಲಿದ್ದ ಮಕ್ಕಳ ತಾಯಂದಿರಿಗೆ ಬಡಿಸಿದೆವು.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿರುವಾಗ ಮದುವೆ ಕಾಲ ಬಂತು. ಆಫೀಸಿಗೆ ಲಗ್ನಪತ್ರಿಕೆಗಳ ಮೇಲೆ ಲಗ್ನಪತ್ರಿಕೆ. ಮೊದಲು ಖುಷಿಯಾಯಿತು, ಆಮೇಲೆ ಗಾಬರಿಯಾಯಿತು. ನಮಗೆ ಮುಯ್ಯಿ ಕೊಟ್ಟವರೆಲ್ಲ ಕರೆಯುತ್ತಿದ್ದರು, ಅಂದರೆ ನಾವು ಹೋಗಿ ತಿರುಗಿಸಬೇಕು! ಕಾರ್ಯದರ್ಶಿಗಳು ತಲೆಯ ಮೇಲೆ ಕೈ ಹೊತ್ತರು. ‘ದೇಣಿಗೆ ಕೊಟ್ಟವರಿಗೆ ವಾಪಸು ಕೊಟ್ಟರೆ ಆಡಿಟರ್ ನನ್ನನ್ನು ಹಿಡಿದು ಕೇಳ್ತಾರೆ ಮಂಗಳಾ. ರಸೀದಿ ಕೊಟ್ಟಿದೀವಲ್ಲ, ಅಷ್ಟು ಸಾಕು.’

ಸಾಕಾಗಲಿಲ್ಲ. ಕೆಂಪಮ್ಮನವರ ಮಗಳ ಮದುವೆಗೆ ನಾವು ಹೋಗದೆ ಉಳಿದೆವು. ಅವರು ಬಸ್ಸು ಹತ್ತಿ ಆಫೀಸಿಗೇ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ‘ನಿಮ್ಮನೆ ಕಾರ್ಯಕ್ಕೆ ನಾವ್ ಬಂದ್ವಿ, ಉಂಡ್ವಿ, ಕೈಲಾದ್ದು ಮಡಗುದ್ವಿ. ನಮ್ಮನೆ ಕಾರ್ಯಕ್ಕೆ ನೀವ್ ಬರ್ನಿಲ್ಲ. ದುಡ್ಡಿನ ಮಾತಲ್ಲ ಕಣವ್ವ ಇದು. ನಮ್ಮನ್ನ ನೀವು ಲೆಕ್ಕಕ್ಕೇ ಇಟ್ಕಂಡಿಲ್ಲ.’

ನಾನು ಆ ದಿನ ಊಟ ಮಾಡಲಿಲ್ಲ. ಆ ಹೆಂಗಸು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ನಮ್ಮ ಮಕ್ಕಳನ್ನು ಅವರು ನೆಂಟರ ಮಕ್ಕಳೆಂದು ಒಪ್ಪಿಕೊಂಡಿದ್ದರು, ನಾವು ಅವರಿಗೆ ರಸೀದಿ ಹರಿದು ಕೊಟ್ಟಿದ್ದೆವು.

ನಮಗೆ ರಕ್ತದ ಮಾದರಿ ತೆಗೆದುಕೊಡುತ್ತಿದ್ದವಳು ಕಾಮಗೆರೆಯ ಲೂರ್ದು ಮೇರಿ, ಲ್ಯಾಬ್ ಟೆಕ್ನಿಶಿಯನ್, ನನ್ನ ಗೆಳತಿ. ಕಡಿಮೆ ಮಾತು, ಹಗುರವಾದ ಕೈ. ಅವಳ ಮುಂದೆ ಕೂತು ಗೋಳಾಡಿದೆ. ಮಾತಾಡುತ್ತಾ ಮಾತಾಡುತ್ತಾ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮುಯ್ಯಿಯನ್ನು ಹಣದಲ್ಲೇ ತಿರುಗಿಸಬೇಕೆಂದು ಎಲ್ಲಿದೆ? ಅಕ್ಕಿ ಕೊಡುವವರಿಲ್ಲವೇ, ಪಾತ್ರೆ ಕೊಡುವವರಿಲ್ಲವೇ? ನಮ್ಮ ಹತ್ತಿರ ಇರುವುದು ರಕ್ತ ಪರೀಕ್ಷೆ. ಆ ಮನೆಯಲ್ಲಿ ಮದುವೆಯಾಗಬೇಕಾದ ಹುಡುಗ ಹುಡುಗಿಯರಿಗೆ ಅದನ್ನೇ ಮುಯ್ಯಿ ಎಂದು ಕೊಡೋಣ. ಪರೀಕ್ಷೆ ಮಾಡಿಸುವುದು ಟ್ರಸ್ಟಿನ ಕೆಲಸವೇ ಆದ್ದರಿಂದ ಆಡಿಟರ್‌ಗೂ ತಕರಾರಿಲ್ಲ.

ಶುಭಕಾರ್ಯದ ಮನೆಗೆ ಸೂಜಿ ತರುತ್ತಾರೆ ಎಂದು ಹಿರಿಯರು ಮೊದಮೊದಲು ಕಸಿವಿಸಿಪಟ್ಟರು. ಅದಕ್ಕೂ ದಾರಿ ಮಾಡಿದೆವು. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಅದರ ಜೊತೆ ರಕ್ತ ಪರೀಕ್ಷೆಗೆ ಬನ್ನಿ ಎಂದು ಬರೆದು ಅರಿಶಿನ ಹಚ್ಚಿದ ಒಂದು ಕಾರ್ಡು, ಅಷ್ಟೇ. ಸೂಜಿಯ ಕೆಲಸ ಬೇರೆ ದಿನ. ಮೊದಲ ತಟ್ಟೆ ಹಿಡಿದು ಕೆಂಪಮ್ಮನವರ ಮನೆಗೇ ಹೋದೆ, ಅವರ ಕಿರಿಮಗನಿಗೆ. ತಡವಾದರೂ ಬಂದಿರಲ್ಲ ಎಂದು ಬೆಲ್ಲದ ಕಾಫಿ ಕೊಟ್ಟರು. ಅಲ್ಲಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು.

ಆಮೇಲೆ ಒಂದು ದಿನ ನಂಜುಂಡಪ್ಪನವರೇ ಆಫೀಸಿಗೆ ಬಂದು ಮಹೇಶ, ರೂಪರ ಮದುವೆ ಗಟ್ಟಿ ಮಾಡುವ ವೀಳ್ಯಶಾಸ್ತ್ರಕ್ಕೆ ಕರೆದರು. ಅವರ ಹಿಂದೆ ನಿಂತಿದ್ದ ನಾಗರತ್ನ ನನ್ನನ್ನು ನೋಡಿದ ನೋಟವನ್ನು ನಾನು ಹೇಳಲಾರೆ. ವೀಳ್ಯಕ್ಕೆ ಇನ್ನೂ ದಿನಗಳಿದ್ದವು. ಅಷ್ಟರೊಳಗೆ ರಿಪೋರ್ಟು ಬರಬೇಕಿತ್ತು, ಅದಕ್ಕೆ ಈ ಸಲ ಸೂಜಿಯನ್ನು ಬೇರೆ ದಿನಕ್ಕೆ ಬಿಡದೆ, ಮರುದಿನ ಬೆಳಿಗ್ಗೆಯೇ ಲೂರ್ದು ಮೇರಿಯನ್ನೂ ಕರೆದುಕೊಂಡು ತಟ್ಟೆ ಹಿಡಿದು ಅವರ ಮನೆಗೆ ಹೋದೆ.

ನಂಜುಂಡಪ್ಪ ಮಗ್ಗದ ಪಕ್ಕ ಕೂತಿದ್ದರು. ತಟ್ಟೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು, ಕಾರ್ಡು ಓದಿದರು. ಮುಖ ಕೆಂಪಾಯಿತು.

‘ಯಾನಿದು ಮಂಗಳಮ್ಮಾರೆ? ನಮ್ಮ ಮನೆ ರಕ್ತದ ಮ್ಯಾಲೆ ಅನ್ಮಾನವಾ?’

‘ಅನುಮಾನ ಅಲ್ಲ ನಂಜುಂಡಪ್ನೋರೆ, ಮುಯ್ಯಿ’ ಎಂದೆ. ‘ನಮ್ಮ ಮೊದಲ ಕೂಟದಲ್ಲಿ ಎಲ್ಲರಿಗಿಂತ ದೊಡ್ಡದಾಗಿ ಕೊಟ್ಟವರು ನೀವು. ಬೇರೆಯವರಿಗೆಲ್ಲ ತಿರುಗಿಸಿದ್ದೀವಿ. ನಿಮ್ಮದು ಬಾಕಿ ಇಟ್ಕೊಂಡು ನಾನು ವೀಳ್ಯದ ಊಟ ಹೇಗೆ ಮಾಡಲಿ? ಬೇಡ ಅಂದ್ರೆ ಹೇಳಿ, ತಟ್ಟೆ ಎತ್ತಿಕೊಂಡು ಹೋಗ್ತೀನಿ.’

ಮಗ್ಗದ ಸದ್ದು ನಿಂತಿತ್ತು. ಮಹೇಶ ತಲೆ ತಗ್ಗಿಸಿದ್ದ. ಒಳಬಾಗಿಲಲ್ಲಿ ನಾಗರತ್ನ, ಅವಳ ಸೊಂಟ ಹಿಡಿದು ಸಿಂಧು. ಬಂದ ಮುಯ್ಯಿಯನ್ನು ಬೇಡವೆಂದು ಕಳಿಸುವುದೆಂದರೆ ನೆಂಟಸ್ತಿಕೆ ಹರಿದ ಹಾಗೆ. ಇಡೀ ಜೀವಮಾನ ಒಬ್ಬರ ಮುಯ್ಯಿಯನ್ನೂ ತಪ್ಪಿಸದ ಮನುಷ್ಯ ಅವರು. ಕಾರ್ಡನ್ನು ಮತ್ತೆ ತಟ್ಟೆಯಲ್ಲಿ ಇಟ್ಟರು. ಕೊನೆಗೆ ಜುಬ್ಬದ ತೋಳು ಮಡಚಿ ಲೂರ್ದು ಮೇರಿಯ ಮುಂದೆ ಕೈ ಚಾಚಿದರು.

‘ಮುಯ್ಯಿ ಅಂದ ಮ್ಯಾಲೆ ಬ್ಯಾಡ ಅನ್ನಂಗಿಲ್ಲ. ಮೊದ್ಲು ನಂದು ತಕ್ಕವ್ವ. ಆಮ್ಯಾಕೆ ಉಡುಗ್ರುದು. ನಮ್ಮಲ್ಲಿ ಯಾನೂ ಇಲ್ಲ ಅಂತ ಊರ್ಗೇ ಗೊತ್ತಾಗ್ಲಿ.’

ಆಗ ರಿಪೋರ್ಟು ಮೈಸೂರಿನಿಂದ ಬರಲು ದಿನಗಳು ಹಿಡಿಯುತ್ತಿದ್ದವು. ಈಗಿನವರಿಗೆ ಫೋನಿಗೇ ಬರುತ್ತದೆ, ಆ ಕಾಯುವ ಸಂಕಟ ಗೊತ್ತಿಲ್ಲ. ರಿಪೋರ್ಟು ಬಂತು. ಕಾಯಿಲೆಯ ಗುಣ ಮಹೇಶನಲ್ಲೂ ಇತ್ತು, ರೂಪಳಲ್ಲೂ ಇತ್ತು, ನಂಜುಂಡಪ್ಪನವರಲ್ಲೂ ಇತ್ತು.

ಎಲ್ಲರನ್ನೂ ಮೈಸೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಈ ಗುಣ ಒಬ್ಬರಲ್ಲಿ ಇದ್ದರೆ ಅವರಿಗೆ ಏನೂ ತೊಂದರೆಯಿಲ್ಲ, ಎಲ್ಲರ ಹಾಗೆ ಬದುಕುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮದುವೆಯಾದರೂ ಬಸಿರಿನಲ್ಲೇ ಪರೀಕ್ಷೆ ಮಾಡಿಸುವ ದಾರಿ ಇದೆ, ಯೋಚಿಸಿ ನೀವೇ ತೀರ್ಮಾನ ಮಾಡಿ ಎಂದರು. ನಂಜುಂಡಪ್ಪ ನೆಲ ನೋಡುತ್ತಾ, ತಮ್ಮ ಮಗ್ಗದ ಹಾಸು ಹೊಕ್ಕಿನ ಲೆಕ್ಕದಲ್ಲೇ, ‘ಆಸಿನಲ್ಲಿ ಒಂದೆಳೆ ಸವೆದಿದ್ರೆ ಬಟ್ಟೆ ತಡ್ಕತದೆ. ಒಕ್ಕಿನಲ್ಲೂ ಅಲ್ಲೇ ಸವೆದಿದ್ರೆ ಅರಿತದೆ. ಅಂಗೇ ಅಲ್ವಾ ಸಾ?’ ಎಂದು ಕೇಳಿದರು. ಹೆಚ್ಚುಕಡಿಮೆ ಹಾಗೇ ಎಂದರು ಡಾಕ್ಟರು.

ಆಗ ರೂಪ ಬಾಯಿ ತೆರೆದಳು. ‘ಮಾವ, ಸಿಂಧುಗೆ ಸೂಜಿ ಆಕುವಾಗೆಲ್ಲ ಅವಳ ಕೈ ಇಡ್ಕಂಡು ಕೂತವಳು ನಾನು. ಅಕ್ಕ ನೋಡಕ್ಕಾಗ್ದೆ ಆಚೆ ಓಯ್ತಿದ್ಲು. ಇನ್ನೊಂದು ಕೂಸಿಗೆ ಅಂಗಾಗಬೌದು ಅಂತ ಗೊತ್ತಿದ್ದೂ ನನ್ ಕೈಲಾಗಲ್ಲ. ಬೈಬ್ಯಾಡಿ.’

‘ನಂಗೂ ಬ್ಯಾಡ ಅಪ್ಪ’ ಎಂದ ಮಹೇಶ.

ನಂಜುಂಡಪ್ಪ ಬೈಯಲಿಲ್ಲ. ಊರಿಗೆ ಬರುವವರೆಗೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೂತಿದ್ದರು. ತಂಗಿಗೆ ಕೊಟ್ಟ ಮಾತು ಮುರಿಯಿತಲ್ಲ ಎಂಬ ನೋವು ಅವರಿಗೆ. ನನಗೋ, ನಾನು ಮಾಡಿದ್ದು ಸರಿಯೆಂದು ಗೊತ್ತಿದ್ದರೂ ಅವರ ಬಾಗಿದ ಬೆನ್ನು ನೋಡಿ ಅಳು ಬಂತು.

ವೀಳ್ಯ ನಿಂತಿತು. ನಿಂತ ಮದುವೆಯ ಭಾರ ಯಾರ ತಲೆಗೆ ಬೀಳುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಡುಗಿಗೇನೋ ಐಬಿದೆಯಂತೆ, ಸೋದರಮಾವನೇ ಬೇಡ ಅಂದನಂತೆ ಎಂದು ಬೀದಿಯಲ್ಲಿ ಗುಸುಗುಸು ಶುರುವಾಯಿತು. ರೂಪಳನ್ನು ನೋಡಲು ಬರುತ್ತೇವೆ ಎಂದವರು ಬರಲಿಲ್ಲ. ಆಗ ನಾಗರತ್ನ ಮತ್ತೆ ನನ್ನ ಮುಂದೆ ಕೂತು ಅತ್ತಳು. ಕಾಯಿಲೆಯಿಂದ ತಂಗಿಯನ್ನು ಉಳಿಸಿದೆವು, ಊರ ಬಾಯಿಂದ ಉಳಿಸಲಾಗಲಿಲ್ಲವಲ್ಲ ಎಂದು.

ಆ ಸಲದ ಕೊಳ್ಳೇಗಾಲದ ಕೂಟಕ್ಕೆ ನಂಜುಂಡಪ್ಪ ಬರುವುದಿಲ್ಲವೆಂದೇ ತಿಳಿದಿದ್ದೆ. ಬಂದರು. ಜೊತೆಯಲ್ಲಿ ಸೊಸೆ, ಮೊಮ್ಮಗಳು, ತಂಗಿ, ರೂಪ, ಮನೆ ಮಂದಿಯೆಲ್ಲ. ಪಂಕ್ತಿಯಲ್ಲಿ ಎಲ್ಲರ ನಡುವೆ ಕೂತು ಉಂಡರು. ಕೈ ತೊಳೆದು ಮುಯ್ಯಿಯ ಸಾಲಿನಲ್ಲಿ ನಿಂತರು. ಅವರ ಸರದಿ ಬಂತು. ಸಿದ್ದರಾಜು ಅವರನ್ನು ಕಂಡವನೇ ದನಿ ಏರಿಸಿದ.

‘ಮಗ್ಗದ ಯಜಮಾನ್ರು ನಂಜುಂಡಪ್ಪನವರಿಂದ...’

‘ತಡಿಲಾ’ ಎಂದರು ನಂಜುಂಡಪ್ಪ. ‘ಅಂಗಲ್ಲ. ಸಿಂಧು ತಾತ ಅಂತ ಕೂಗು.’

ಸಿದ್ದರಾಜು ಪೆಚ್ಚಾಗಿ ನನ್ನ ಮುಖ ನೋಡಿದ. ನಂಜುಂಡಪ್ಪ ಅವನ ಕೈಯಿಂದ ಮೈಕು ತೆಗೆದುಕೊಂಡರು. ಭಾಷಣ ಮಾಡಿ ಗೊತ್ತಿಲ್ಲದ ಮನುಷ್ಯ. ಮೈಕನ್ನು ತೀರಾ ಬಾಯಿಗಿಟ್ಟುಕೊಂಡಿದ್ದರಿಂದ ಉಸಿರೂ ಕೇಳಿಸುತ್ತಿತ್ತು.

‘ನನ್ ಮೊಮ್ಮಗಳು ಸಿಂಧುಗೆ ಈ ಕಾಯ್ಲೆ ಅದೆ. ನಂಜನಗೂಡಿನ ಅರಕೆ ಅಂತ ಸುಳ್ಳೇಳಿದ್ದು ನಾನೇ. ಇದು ಬಂದಿರದು ನನ್ನ ರಕ್ತದಿಂದ. ನನ್ ತಂಗಿ ಮಗಳು ರೂಪನ್ನ ನಿಮ್ ಬಾಯ್ಗೆ ಆಕ್ಕಂಡಿದ್ದೀರಲ್ಲ, ಅವಳಲ್ಲಿ ಇರದು ನನ್ನಲ್ಲೂ ಅದೆ. ನಂಗೇನಾಗದೆ? ಕಲ್ಲುಗುಂಡಿನಂಗೆ ನಿಂತಿಲ್ವಾ? ಅವಳೂ ಅಂಗೇ ಅವಳೆ. ಅವಳಂತ ಉಡುಗಿ ಈ ಊರಲ್ಲಿ ಇನ್ನೊಬ್ಳಿಲ್ಲ. ಮನೇಲಿ ಮದ್ವೆ ಮಾಡೋರು ಮೊದ್ಲು ರಕ್ತ ನೋಡುಸ್ಕಳಿ. ಅಷ್ಟೇಯ.’

ಮೈಕು ವಾಪಸು ಕೊಟ್ಟು, ನೋಟು ಇಟ್ಟರು. ಸಿದ್ದರಾಜು ಕೂಗಿದ. ಅವನ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ‘ಸಿಂಧು ತಾತನವರಿಂದ ಮಕ್ಕಳ ಕಡೆಗೆ ಮುಯ್ಯಿ!’ ನಾಗರತ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸದಾಶಿವಯ್ಯನವರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ನಾನು ಅಲ್ಲಿಯೇ ಎಲ್ಲರೆದುರಿಗೆ ಅತ್ತುಬಿಟ್ಟೆ, ನಾಚಿಕೆಯಾಗಲಿಲ್ಲ. ಮುಂದಿನ ವಾರ ಲೂರ್ದು ಮೇರಿಯ ಮುಂದೆ ತೋಳು ಮಡಚಿಕೊಂಡು ನಿಂತ ಹುಡುಗ ಹುಡುಗಿಯರ ಸಾಲು ನಮ್ಮ ಆಫೀಸಿನಿಂದ ಬೀದಿಗೆ ಬಂದಿತ್ತು.

ರೂಪಳನ್ನು ಕೇಳಿಕೊಂಡು ಬಂದವರು ಯಳಂದೂರಿನವರು. ಹುಡುಗನ ಅಮ್ಮ ಆ ಸಂಜೆ ಕೂಟದಲ್ಲಿ ಊಟಕ್ಕೆ ಕೂತಿದ್ದವರೇ. ‘ಇಂಗೆ ನಿಂತ್ಕಂಡು ಮಾತಾಡೋ ಹಿರೀಕ ಇರೋ ಮನೆ ಎಣ್ಣು ನಮ್ಗೆ ಬೇಕು’ ಎಂದರಂತೆ. ಹುಡುಗನ ರಕ್ತ ನೋಡಿಸಿದೆವು, ಅವನಲ್ಲಿ ಆ ಗುಣ ಇರಲಿಲ್ಲ. ಮದುವೆಯಾಯಿತು. ಈಗ ರೂಪಳಿಗೆ ಒಬ್ಬ ಮಗ, ಗುಂಡುಗುಂಡಗೆ, ಮಹಾ ತುಂಟ. ಮಹೇಶನಿಗೂ ಬೇರೆ ಕಡೆ ಮದುವೆಯಾಯಿತು. ಸಿಂಧು ಮಾತ್ರೆ ಕುಡಿದುಕೊಂಡು, ರಕ್ತ ಹಾಕಿಸಿಕೊಂಡು, ಪಿಯುಸಿ ಓದುತ್ತಿದ್ದಾಳೆ. ಮೈಸೂರಿಗೆ ಹೊರಟರೆ ಬೀದಿಯವರು ‘ಬ್ಲಡ್ ಆಕುಸ್ಕಂಡು ಬಾ ಮಗ’ ಎಂದು ಕಳಿಸುತ್ತಾರೆ.

ರೂಪಳ ಮದುವೆಗೆ ನಾನು ಮುಯ್ಯಿಯ ತಟ್ಟೆ ಹಿಡಿದು ಯಳಂದೂರಿಗೆ ಹೋಗಿದ್ದೆ. ಧಾರೆಯ ಹೊತ್ತಿಗೆ ಹುಡುಗಿಯ ಸೋದರಮಾವನನ್ನು ಕರೆಯಿರಿ ಎಂದರು ಪುರೋಹಿತರು. ಅವರು ಅಡುಗೆಮನೆಯ ಕಡೆ ಏನೋ ಉಸ್ತುವಾರಿಯಲ್ಲಿದ್ದರು. ‘ನಂಜುಂಡಪ್ಪ, ನಂಜುಂಡಪ್ಪ’ ಎಂದು ಗಂಡಿನ ಕಡೆಯ ಒಬ್ಬರು ಕೂಗಿದರು. ಆ ಗದ್ದಲದಲ್ಲಿ ಅವರಿಗೆ ಕೇಳಿಸಲಿಲ್ಲ. ಕೊಳ್ಳೇಗಾಲದಿಂದ ಬಂದಿದ್ದ ಹೆಂಗಸೊಬ್ಬರು ನಕ್ಕು, ‘ಅಂಗೆ ಕೂಗುದ್ರೆ ಯಾರ್ಗೂ ಗೊತ್ತಾಗಲ್ಲ ಬುಡಿ’ ಎಂದು ತಾವೇ ದನಿ ಎತ್ತಿದರು.

‘ಸಿಂಧು ತಾತಾ!’

‘ಬಂದೆ ಕಣವ್ವ’ ಎಂದು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಳ್ಳುತ್ತಾ ನಂಜುಂಡಪ್ಪ ಮಂಟಪಕ್ಕೆ ಓಡಿ ಬಂದರು.